ಹಿತ್ತಲ ಗಿಡವೂ ಮದ್ದೇ: ಉದ್ಯಮಗಳು ತಮ್ಮದರಿಂದಲೇ ಬೆಳೆಯುವ ಬಗೆ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಮನೆಯ ಹಿಂದೆಯೇ ಬೆಳೆದ ತುಂಬೆಯೋ ದೊಡ್ಡಪತ್ರೆಯೋ ನಮ್ಮ ಕಣ್ಣಿಗೆ ಔಷಧವಾಗಿ ಕಾಣುವುದಿಲ್ಲ. ಅಂಗಡಿಯಿಂದ ತಂದ ಶೀಸೆಯಲ್ಲಿರುವುದೇ ಔಷಧವೆಂದು ನಂಬುತ್ತೇವೆ. ಮನುಷ್ಯನ ಈ ಸ್ವಭಾವ ವ್ಯಾಪಾರ, ಉದ್ಯಮಗಳ ವಿಷಯದಲ್ಲಿಯೂ ಉಂಟು. ಒಂದು ಕಂಪೆನಿ ದೊಡ್ಡದಾಗಬೇಕಾದರೆ ಬ್ಯಾಂಕಿನಿಂದ ಸಾಲ ತರಬೇಕು, ಹೊಸ ಷೇರುಗಳನ್ನು ಮಾರಬೇಕು, ಇಲ್ಲವೆ ಮತ್ತೊಂದು ಕಂಪೆನಿಯನ್ನು ಕೊಂಡುಕೊಳ್ಳಬೇಕು ಎಂದೇ ಅನೇಕರ ಎಣಿಕೆ. ವೃತ್ತಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬರುವುದೂ ಅಂಥ ಸುದ್ದಿಯೇ. ಆದರೆ ಸದ್ದುಗದ್ದಲವಿಲ್ಲದೆ ನಡೆಯುವ ಇನ್ನೊಂದು ಬಗೆಯ ಬೆಳವಣಿಗೆ ಇದೆ. ಅದು ಕಂಪೆನಿ ತನ್ನೊಳಗೇ ಇರುವ ಸಾಧನ ಸಂಪತ್ತನ್ನು ಬಳಸಿಕೊಂಡು ಬೆಳೆಯುವುದು. ಅದು ಹೇಗೆ ನಡೆಯುತ್ತದೆ, ಅದರಿಂದ ನಿಮಗೂ ನನಗೂ ಏನು, ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಒಳಗಿನ ಸಂಪತ್ತು ಎಂದೊಡನೆ ನಮಗೆ ತೋರುವುದು ಹಣ. ಮೊದಲು ಅದನ್ನೇ ನೋಡೋಣ. ಲೆಕ್ಕಕ್ಕೆಂದು ಒಂದು ಕಂಪೆನಿಯನ್ನು ಊಹಿಸಿಕೊಳ್ಳಿ. ಅದರ ಬಂಡವಾಳ 10 ಲಕ್ಷ ರೂಪಾಯಿ. ತೆರಿಗೆಯನ್ನು ಕಳೆದು ವರ್ಷಕ್ಕೆ ನೂರಕ್ಕೆ 15ರಂತೆ ಲಾಭ ಬರುತ್ತದೆ. ಈ ಒಂದೂವರೆ ಲಕ್ಷವನ್ನು ಪೂರ್ತಿಯಾಗಿ ಷೇರುದಾರರಿಗೆ ಲಾಭಾಂಶವೆಂದು ಹಂಚಿಬಿಟ್ಟರೆ, ಹತ್ತು ವರ್ಷದ ಮೇಲೂ ಕಂಪೆನಿಯ ಬಂಡವಾಳ ಅದೇ 10 ಲಕ್ಷ. ಅರ್ಧವನ್ನು ಹಂಚಿ ಅರ್ಧವನ್ನು ಉಳಿಸಿ ಅದೇ ಉದ್ಯಮದಲ್ಲಿ ತೊಡಗಿಸಿದರೆ, ವರ್ಷವರ್ಷವೂ ನೂರಕ್ಕೆ ಏಳೂವರೆಯಂತೆ ಬೆಳೆದು ಹತ್ತು ವರ್ಷದಲ್ಲಿ ಬಂಡವಾಳ 20 ಲಕ್ಷವನ್ನು ದಾಟುತ್ತದೆ. ಏನೂ ಹಂಚದೆ ಎಲ್ಲವನ್ನೂ ತೊಡಗಿಸಿದರೆ ಐದೇ ವರ್ಷಕ್ಕೆ ಎರಡರಷ್ಟಾಗುತ್ತದೆ. ಒಬ್ಬರ ಮನೆಬಾಗಿಲಿಗೂ ಹೋಗದೆ, ಒಂದು ಪತ್ರಕ್ಕೂ ಸಹಿ ಹಾಕದೆ ಆದ ಬೆಳವಣಿಗೆ ಇದು. ಉಳಿಸಿದ ಹಣವೂ ಅದೇ ದರದಲ್ಲಿ ಲಾಭ ತರಬೇಕು ಎಂಬ ಒಂದು ಷರತ್ತು ಮಾತ್ರ ಇದರಲ್ಲಿ ಅಡಗಿದೆ. ಈ ಷರತ್ತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಲಾಭವಲ್ಲದೆ ಹಣದ ಇನ್ನೊಂದು ಒರತೆಯೂ ಕಂಪೆನಿಯೊಳಗೆ ಉಂಟು. ಅದಕ್ಕೆ ಸವಕಳಿ ಎಂದು ಹೆಸರು. ಯಂತ್ರ ಸವೆಯುತ್ತದೆ, ಹತ್ತು ವರ್ಷಕ್ಕೆ ಅದು ಹಳೆಯ ಕಬ್ಬಿಣ. ಆದ್ದರಿಂದ ಪ್ರತಿ ವರ್ಷವೂ ಅದರ ಬೆಲೆಯ ಹತ್ತನೆಯ ಒಂದು ಪಾಲನ್ನು ಖರ್ಚೆಂದು ಬರೆದು, ಲಾಭದ ಲೆಕ್ಕಕ್ಕೆ ಬರುವ ಮೊದಲೇ ಕಳೆಯುತ್ತಾರೆ. ಇದು ಪುಸ್ತಕದಲ್ಲಿ ಮಾತ್ರ ಖರ್ಚು. ಹಣ ಕಂಪೆನಿಯ ಹೊಸಿಲು ದಾಟಿ ಹೊರಗೆ ಹೋಗುವುದಿಲ್ಲ. ಹತ್ತು ಹೊಸ ಮಗ್ಗಗಳಿರುವ ಕಾರ್ಖಾನೆಯೊಂದರಲ್ಲಿ ವರ್ಷಕ್ಕೆ ಹೀಗೆ ಕೂಡುವ ಮೊತ್ತ ಒಂದು ಮಗ್ಗದ ಬೆಲೆಗೆ ಸಮ. ಮೊದಲನೆಯ ವರ್ಷದ ಕೊನೆಯಲ್ಲಿ ಯಾವ ಮಗ್ಗವನ್ನೂ ಬದಲಿಸಬೇಕಾಗಿಲ್ಲವಾದ್ದರಿಂದ, ಅಂಗಡಿಯಲ್ಲಿ ಸರಕು ಮಾರಿ ಹಣ ಕೈಗೆ ಬಂದಿದ್ದರೆ, ಹನ್ನೊಂದನೆಯ ಮಗ್ಗವನ್ನು ಕೊಳ್ಳಬಹುದು. ಆದರೆ ಎಚ್ಚರಿಕೆ ಬೇಕು. ಹತ್ತು ವರ್ಷದ ಮೇಲೆ ಮಗ್ಗದ ಬೆಲೆ ಇಂದಿನಷ್ಟೇ ಇರುವುದಿಲ್ಲ. ಹಳೆಯ ಬೆಲೆಗೆ ಸವಕಳಿ ತೆಗೆದಿಟ್ಟು, ಉಳಿದುದೆಲ್ಲ ಲಾಭವೆಂದು ಹಂಚಿ, ಕೊನೆಗೆ ಹೊಸ ಯಂತ್ರಕ್ಕೆ ಹಣವಿಲ್ಲದೆ ಕುಳಿತ ಕಾರ್ಖಾನೆಗಳೂ ಇವೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಕಂಪೆನಿಯ ಆಢಾವೆ ಪತ್ರಿಕೆಯಲ್ಲಿ "ಮೀಸಲು ನಿಧಿ 50 ಲಕ್ಷ" ಎಂದು ಓದಿದವರು, ಅಷ್ಟು ಹಣ ಕಬ್ಬಿಣದ ಪೆಟ್ಟಿಗೆಯಲ್ಲಿ ಇದೆಯೆಂದು ತಿಳಿಯುತ್ತಾರೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಉಳಿಸಿದ ಲಾಭ ಆಗಲೇ ಕಟ್ಟಡವಾಗಿ, ಯಂತ್ರವಾಗಿ, ಉಗ್ರಾಣದ ಸರಕಾಗಿ ರೂಪ ತಾಳಿರುತ್ತದೆ. ಮೀಸಲು ನಿಧಿ ಎಂಬುದು ಆ ಆಸ್ತಿಯೆಲ್ಲ ಯಾವ ಮೂಲದಿಂದ ಬಂತೆಂದು ತಿಳಿಸುವ ಹೆಸರು. ಆದ್ದರಿಂದ "ಅಷ್ಟೊಂದು ಇಟ್ಟುಕೊಂಡು ನಮಗೇಕೆ ಕೊಡುವುದಿಲ್ಲ?" ಎಂದು ಕೇಳುವ ಮೊದಲು, "ಅದನ್ನು ಏನು ಮಾಡಿದಿರಿ?" ಎಂದು ಕೇಳುವುದು ಹೆಚ್ಚು ಸರಿಯಾದ ಪ್ರಶ್ನೆ.

ಹಣದ ವಿಚಾರ ಇಷ್ಟು. ಆದರೆ ಹಣವಿದ್ದ ಮಾತ್ರಕ್ಕೆ ಕಂಪೆನಿ ಬೆಳೆಯುವುದಾಗಿದ್ದರೆ, ಹಣವಂತರ ಉದ್ಯಮಗಳಾವುವೂ ಮುಳುಗುತ್ತಿರಲಿಲ್ಲ. ಬೆಳವಣಿಗೆಯ ಬೀಜ ಬೇರೆಡೆ ಇದೆ. ಉದ್ಯಮದೊಳಗೆ ಇದ್ದೂ ಬಳಕೆಯಾಗದೆ ಬಿದ್ದಿರುವ ಶಕ್ತಿಯೇ ಆ ಬೀಜ.

ಇಂಥ ಶಕ್ತಿ ಏಕೆ ಉಳಿದುಕೊಳ್ಳುತ್ತದೆ? ಒಂದು ಉಪ್ಪಿನಕಾಯಿ ಕಾರ್ಖಾನೆಯನ್ನು ತೆಗೆದುಕೊಳ್ಳಿ. ಅಲ್ಲಿ ಶೀಸೆಗೆ ಉಪ್ಪಿನಕಾಯಿ ತುಂಬುವ ಯಂತ್ರ ನಿಮಿಷಕ್ಕೆ 40 ಶೀಸೆ ತುಂಬುತ್ತದೆ. ಮುಚ್ಚಳ ಬಿಗಿಯುವ ಯಂತ್ರ ನಿಮಿಷಕ್ಕೆ 60 ಬಿಗಿಯಬಲ್ಲುದು. ಒಂದೊಂದು ಯಂತ್ರವಿದ್ದರೆ ಎರಡನೆಯದು ಮೂರನೆಯ ಒಂದು ಪಾಲು ಹೊತ್ತು ಸುಮ್ಮನೆ ನಿಂತಿರುತ್ತದೆ. ತುಂಬುವ ಯಂತ್ರ ಇನ್ನೊಂದನ್ನು ತಂದರೆ ಈಗ ಮುಚ್ಚಳದ ಯಂತ್ರ ಸಾಲದು. ತುಂಬುವ ಯಂತ್ರ ಮೂರು, ಮುಚ್ಚಳದ್ದು ಎರಡು ಆಗಿ, ನಿಮಿಷಕ್ಕೆ 120 ಶೀಸೆ ಹೊರಬಿದ್ದಾಗಲೇ ಎಲ್ಲ ಯಂತ್ರಗಳೂ ಪೂರ್ತಿ ದುಡಿಯುವುದು. ಇದು ಎರಡು ಯಂತ್ರಗಳ ಲೆಕ್ಕ. ನಿಜವಾದ ಕಾರ್ಖಾನೆಯಲ್ಲಿ ಹತ್ತಾರು ಯಂತ್ರಗಳು, ಲಾರಿಗಳು, ಗುಮಾಸ್ತರು, ಮಾರಾಟಗಾರರು. ಯಂತ್ರವಾಗಲಿ ಮನುಷ್ಯನಾಗಲಿ ಅರ್ಧ, ಕಾಲು ಎಂದು ಸಿಗುವುದಿಲ್ಲ, ಇಡಿಯಾಗಿಯೇ ತರಬೇಕು. ಹೀಗಾಗಿ ಎಲ್ಲೋ ಒಂದು ಕಡೆ ಮಿಗತೆ ಇದ್ದೇ ಇರುತ್ತದೆ. ಅದಕ್ಕೆ ಕೊಟ್ಟ ಹಣ ಆಗಲೇ ಹೋಗಿದೆ. ಅದನ್ನು ಕೆಲಸಕ್ಕೆ ಹಚ್ಚಿದರೆ ಬಂದುದೆಲ್ಲ ಬಹುಮಟ್ಟಿಗೆ ಲಾಭವೇ. ಆದ್ದರಿಂದ ಉದ್ಯಮವನ್ನು ಮುಂದಕ್ಕೆ ತಳ್ಳುವ ಒತ್ತಾಸೆ ಒಳಗಿನಿಂದಲೇ ಹುಟ್ಟುತ್ತದೆ.

ಮಿಗತೆ ಎಂದರೆ ಕೆಲವು ಸಲ ಕಸವೂ ಹೌದು. ಮಂಡ್ಯದ ಕಡೆಯ ಆಲೆಮನೆಯನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಲು ಹಿಂಡಿದ ಮೇಲೆ ಉಳಿದ ಕಬ್ಬಿನ ಸಿಪ್ಪೆಯನ್ನು ಒಣಗಿಸಿ, ಅದೇ ಹಾಲನ್ನು ಕಾಯಿಸುವ ಕೊಪ್ಪರಿಗೆಯ ಒಲೆಗೆ ಹಾಕುತ್ತಾರೆ, ಸೌದೆಯ ಖರ್ಚಿಲ್ಲ. ದೊಡ್ಡ ಉದ್ಯಮಗಳೂ ಹೀಗೆಯೇ. ಮಹಾರಾಷ್ಟ್ರದ ಅಮಳನೇರದಲ್ಲಿ 1945ರಲ್ಲಿ ವನಸ್ಪತಿ ತಯಾರಿಸುವ ಕಂಪೆನಿಯೊಂದು ಹುಟ್ಟಿತು. ಎಣ್ಣೆಯನ್ನು ಕ್ಷಾರದಿಂದ ಶುದ್ಧಮಾಡುವಾಗ ತಳದಲ್ಲಿ ಸಾಬೂನಿನ ಗಷ್ಟು ಉಳಿಯುತ್ತದೆ. ಅದನ್ನು ಚೆಲ್ಲದೆ ಬಟ್ಟೆ ಒಗೆಯುವ ಸಾಬೂನು ಮಾಡಿ ಮಾರಿದರು. ಅದೇ ಕಂಪೆನಿ ಮುಂದೆ ವಿಪ್ರೋ ಎಂಬ ಹೆಸರಿನಿಂದ ಬೆಂಗಳೂರಿನಲ್ಲಿ ನೆಲೆಯೂರಿ, ಕಂಪ್ಯೂಟರ್ ಉದ್ಯಮದಲ್ಲಿ ಪ್ರಸಿದ್ಧವಾಯಿತು. ಸಾಬೂನಿನ ಕೆಲಸವನ್ನು ಬಿಡಲಿಲ್ಲ.

ನಮ್ಮ ನಾಡಿನದೇ ಒಂದು ದೊಡ್ಡ ನಿದರ್ಶನ ಮೈಸೂರು ಶ್ರೀಗಂಧ. ಮೈಸೂರು ಸಂಸ್ಥಾನದ ಕಾಡುಗಳಲ್ಲಿ ಗಂಧದ ಮರ ಶತಮಾನಗಳಿಂದ ಇತ್ತು. ಸರಕಾರ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವು ಹಡಗು ಹತ್ತಿ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ, ಹೋಗುತ್ತಿದ್ದವು. ಎಣ್ಣೆ ತೆಗೆಯುವ ವಿದ್ಯೆಯೂ ಅದರ ಲಾಭವೂ ಅಲ್ಲಿಯವರ ಪಾಲು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದೊಡನೆ ಆ ದಾರಿ ಮುಚ್ಚಿತು. ಕೊರಡುಗಳು ಮಾರಾಟವಾಗದೆ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಎಣ್ಣೆಯನ್ನು ಇಲ್ಲಿಯೇ ತೆಗೆದರೇನು ಎಂಬ ವಿಚಾರ ಬಂದಾಗ ನೆರವಿಗೆ ಒದಗಿದ್ದು ಬೆಂಗಳೂರಿನಲ್ಲೇ ಇದ್ದ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಬಟ್ಟಿಯಿಳಿಸುವ ಕ್ರಮವನ್ನು ಸಿದ್ಧಪಡಿಸಿದರು. ಎಣ್ಣೆ ಬಂದ ಮೇಲೆ ಅದರಿಂದ ಸಾಬೂನು ಮಾಡಬಾರದೇಕೆ ಎಂಬುದು ಮುಂದಿನ ಹೆಜ್ಜೆ. ತರುಣ ರಸಾಯನ ವಿಜ್ಞಾನಿ ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಿ ಆ ವಿದ್ಯೆಯನ್ನು ಕಲಿತು ಬರುವಂತೆ ಮಾಡಿದರು. 1918ರ ವೇಳೆಗೆ ಮೈಸೂರು ಸ್ಯಾಂಡಲ್ ಸಾಬೂನು ಪೇಟೆಗೆ ಬಂದಿತು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮರ ಮೊದಲೂ ಇತ್ತು. ಹೊಸದಾಗಿ ಬಂದದ್ದು ಮರವಲ್ಲ. ಮರದಿಂದ ಏನನ್ನು ಪಡೆಯಬಹುದೆಂಬ ತಿಳಿವಳಿಕೆ. ಕೊರಡಿನಿಂದ ಎಣ್ಣೆ, ಎಣ್ಣೆಯಿಂದ ಸಾಬೂನು, ಸಾಬೂನಿನಿಂದ ಒಂದು ಹೆಸರು, ಹೀಗೆ ಒಂದೊಂದು ಮೆಟ್ಟಿಲೂ ಮುಂದಿನ ಮೆಟ್ಟಿಲಿಗೆ ಸಾಧನವಾಯಿತು. ಈ ಕತೆಗೆ ಇನ್ನೊಂದು ಮಗ್ಗುಲೂ ಉಂಟು. ಕಡಿದಷ್ಟು ಮರವನ್ನು ಬೆಳೆಸದೆ, ಕಳ್ಳಸಾಗಣೆಯೂ ಸೇರಿ, ಕಾಡಿನಲ್ಲಿ ಶ್ರೀಗಂಧ ವಿರಳವಾಯಿತು. ತನ್ನ ಹೊಲದ ಗಂಧದ ಮರಕ್ಕೂ ರೈತ ಒಡೆಯನಲ್ಲವೆಂಬ ಹಳೆಯ ಕಟ್ಟಳೆಯನ್ನು 2001ರಲ್ಲಿ ಕರ್ನಾಟಕ ಸರಕಾರ ಬದಲಾಯಿಸಿತು. ಸಾಬೂನಿನ ಕಂಪೆನಿಯೂ ರೈತರಿಂದ ಗಂಧ ಬೆಳೆಸುವ ಕೆಲಸಕ್ಕೆ ಕೈ ಹಾಕಿತು. ಒಳಗಿನ ಸಂಪತ್ತು ಅಕ್ಷಯಪಾತ್ರೆಯಲ್ಲ, ತೆಗೆದಷ್ಟನ್ನು ತುಂಬುತ್ತಿರಬೇಕು.

ಈ ವಿಚಾರಗಳನ್ನೆಲ್ಲ ಒಂದು ಶಾಸ್ತ್ರವಾಗಿ ಜೋಡಿಸಿಕೊಟ್ಟವರು ಎಡಿತ್ ಪೆನ್‌ರೋಸ್ ಎಂಬ ಮಹಿಳೆ. 1914ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಮುಂದೆ ಲಂಡನ್ನಿನಲ್ಲಿ ಪ್ರಾಧ್ಯಾಪಕರಾದ ಇವರು ಕಂಪೆನಿಗಳ ಬೆಳವಣಿಗೆಯನ್ನು ಕುರಿತ ತಮ್ಮ ಪುಸ್ತಕವನ್ನು 1959ರಲ್ಲಿ ಪ್ರಕಟಿಸಿದರು. ಅದುವರೆಗೆ ಅರ್ಥಶಾಸ್ತ್ರಜ್ಞರು ಕಂಪೆನಿಯೆಂದರೆ ಬೆಲೆಗೆ ತಕ್ಕಂತೆ ಸರಕನ್ನು ಹೆಚ್ಚು ಕಡಿಮೆ ಮಾಡುವ ಒಂದು ಲೆಕ್ಕದ ಚುಕ್ಕೆಯೆಂಬಂತೆ ನೋಡುತ್ತಿದ್ದರು. ಪೆನ್‌ರೋಸ್ ಅವರು, ಕಂಪೆನಿಯೆಂದರೆ ಸಾಧನಗಳ ಒಂದು ಗುಂಪು. ಆ ಸಾಧನವೇ ಬೇರೆ, ಅದರಿಂದ ಒದಗುವ ಸೇವೆಯೇ ಬೇರೆ ಎಂದು ತೋರಿಸಿಕೊಟ್ಟರು. ಒಂದೇ ಸಾಧನ ಬೇರೆ ಬೇರೆ ಕೈಯಲ್ಲಿ ಬೇರೆ ಬೇರೆ ಸೇವೆಯನ್ನು ಕೊಡುತ್ತದೆ. ಒಂದು ಹಿಡಿ ಅಕ್ಕಿ ಒಬ್ಬರ ಮನೆಯಲ್ಲಿ ಅನ್ನ, ಇನ್ನೊಬ್ಬರ ಮನೆಯಲ್ಲಿ ಹಪ್ಪಳ. ಕೆಲಸ ಮಾಡುತ್ತ ಮಾಡುತ್ತ ಜನರ ಅನುಭವ ಬೆಳೆಯುವುದರಿಂದ, ಹಳೆಯ ಸಾಧನಗಳಲ್ಲೇ ಹೊಸ ಸೇವೆಗಳು ಕಾಣತೊಡಗುತ್ತವೆ. ಹೀಗೆ ಬಳಕೆಯಾಗದ ಸೇವೆ ಎಂದೂ ಮುಗಿಯುವುದೇ ಇಲ್ಲ.

ಇದನ್ನು ಅವರು ಹರ್ಕ್ಯುಲಿಸ್ ಎಂಬ ಅಮೆರಿಕದ ಸಿಡಿಮದ್ದಿನ ಕಂಪೆನಿಯಲ್ಲಿ ಕಣ್ಣಾರೆ ಕಂಡು ಬರೆದರು. ಡ್ಯುಪಾಂಟ್ ಎಂಬ ದೊಡ್ಡ ಕಂಪೆನಿಯನ್ನು 1912ರಲ್ಲಿ ನ್ಯಾಯಾಲಯ ಒಡೆದಾಗ ಹುಟ್ಟಿದ ಕಂಪೆನಿ ಅದು. ಮೊದಲನೆಯ ಯುದ್ಧಕಾಲದಲ್ಲಿ ಮದ್ದಿಗೆ ಬಂದ ಬೇಡಿಕೆ 1918ರಲ್ಲಿ ಯುದ್ಧ ನಿಂತೊಡನೆ ನಿಂತಿತು. ಆದರೆ ಹತ್ತಿಯನ್ನು ಆಮ್ಲದಲ್ಲಿ ಹದಮಾಡಿ ಮದ್ದು ತಯಾರಿಸುವ ವಿದ್ಯೆ ಅವರ ಕೈಯಲ್ಲಿತ್ತು. ಅದೇ ವಸ್ತು ಮೋಟಾರು ಗಾಡಿಗೂ ಮರದ ಸಾಮಾನಿಗೂ ಬಳಿಯುವ ಮೆರುಗೆಣ್ಣೆಗೆ ಮೂಲದ್ರವ್ಯವಾಯಿತು. ಇನ್ನೊಂದು ಸಂಗತಿ ಮತ್ತೂ ಸ್ವಾರಸ್ಯ. ಪೈನ್ ಮರಗಳನ್ನು ಕಡಿದ ನೆಲದಲ್ಲಿ ಉಳಿದ ಬೊಡ್ಡೆಗಳನ್ನು ಕೀಳಲು ಜನ ಸಿಡಿಮದ್ದನ್ನು ಬಳಸುತ್ತಿದ್ದರು. ಆ ಬೊಡ್ಡೆಗಳಲ್ಲಿ ರಾಳವೂ ಟರ್ಪೆಂಟೈನೂ ತುಂಬಿದ್ದವು. ಬೊಡ್ಡೆ ಸಿಡಿಸುವ ಮದ್ದನ್ನು ಮಾರುತ್ತಿದ್ದ ಕಂಪೆನಿ, 1920ರಲ್ಲಿ ಆ ಬೊಡ್ಡೆಯಿಂದಲೇ ರಾಳ ತೆಗೆಯುವ ಉದ್ಯಮಕ್ಕೆ ಇಳಿಯಿತು.

ಅಮೆರಿಕದವರೆಗೆ ಹೋಗಬೇಕಾಗಿಲ್ಲ ಎನ್ನುವವರು ಬೆಂಗಳೂರಿನ ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫಿನ್ ರೂಮ್ಸನ್ನು ನೆನೆಯಬಹುದು. ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಹೋಟೆಲು ಅದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ, ರವೆಯಿಂದ ಇಡ್ಲಿ ಮಾಡಿದ್ದು ತಮ್ಮಲ್ಲೇ ಎಂದು ಆ ಹೋಟೆಲಿನವರು ಹೇಳುತ್ತಾರೆ. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಇಳಿಸಬೇಕೆಂಬ ಕಟ್ಟಳೆ ಬಂತು. ಆ ಬೆಲೆಗೆ ಆ ರುಚಿಯನ್ನು ಕೊಡುವುದು ಆಗದ ಮಾತಾಯಿತು. ಆಗ ಅವರು ಸಿದ್ಧ ಹಿಟ್ಟು, ಮಸಾಲೆಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವ ಕೆಲಸದ ಕಡೆ ತಿರುಗಿದರು. ಹೊಸ ಕೆಲಸಕ್ಕೆ ಬೇಕಾದದ್ದೆಲ್ಲ ಅಡಿಗೆಮನೆಯಲ್ಲೇ ಇತ್ತು: ಯಾವ ಪುಡಿಗೆ ಯಾವ ಸಾಮಾನು ಎಷ್ಟು ಎಂಬ ಅಳತೆ, ಹುರಿಯುವ ಹದ ಬಲ್ಲ ಕೈಗಳು, ಎಲ್ಲಕ್ಕಿಂತ ಮಿಗಿಲಾಗಿ ಜನರ ನಂಬಿಕೆ. ಆ ಪೊಟ್ಟಣದ ಉದ್ಯಮ ಎಷ್ಟು ಬೆಳೆಯಿತೆಂದರೆ, 2007ರಲ್ಲಿ ನಾರ್ವೆ ದೇಶದ ಒರ್ಕ್ಲಾ ಎಂಬ ಕಂಪೆನಿ ಅದನ್ನು ಕೊಂಡುಕೊಂಡಿತು. ಹೋಟೆಲು ಮನೆಯವರಲ್ಲೇ ಉಳಿಯಿತು.

ಒಳಗಿನಿಂದ ಬೆಳೆಯುವುದು ಇಷ್ಟು ಸುಲಭವಾಗಿದ್ದರೆ ಎಲ್ಲರೂ ಬೇಗ ಬೇಗ ಬೆಳೆದುಬಿಡಬಹುದಲ್ಲವೆ? ಅಲ್ಲಿಯೇ ತೊಡಕು. ಮದುವೆಮನೆಯ ಅಡಿಗೆ ಭಟ್ಟರನ್ನು ನೋಡಿ. ತಮ್ಮ ಕೈ ಬಲ್ಲ ಆರು ಮಂದಿ ಸಹಾಯಕರೊಡನೆ ಅವರು ಐನೂರು ಎಲೆಗೆ ಬಡಿಸಬಲ್ಲರು. ನಾಳೆ ಸಾವಿರದ ಐನೂರು ಎಲೆ ಎಂದು ಹೇಳಿ, ಪರಿಚಯವಿಲ್ಲದ ಹನ್ನೆರಡು ಮಂದಿಯನ್ನು ಒಪ್ಪಿಸಿದರೆ? ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಪಾಯಸಕ್ಕೆ ಬೀಳುವುದೇ ಇಲ್ಲ ಬೆಲ್ಲ. ಭಟ್ಟರ ಹೊತ್ತೆಲ್ಲ ಹೊಸಬರಿಗೆ ಹೇಳಿಕೊಡುವುದರಲ್ಲೇ ಕಳೆದು, ಅವರ ಸ್ವಂತ ಕೆಲಸವೂ ಕೆಡುತ್ತದೆ. ಕಂಪೆನಿಯ ಆಡಳಿತವೂ ಹೀಗೆಯೇ ಎಂಬುದು ಪೆನ್‌ರೋಸ್ ಅವರ ಮುಖ್ಯ ಸಿದ್ಧಾಂತ. ಯಂತ್ರವನ್ನು ಪೇಟೆಯಿಂದ ತರಬಹುದು. ಒಟ್ಟಿಗೆ ದುಡಿದು ಪಳಗಿದ ತಂಡವನ್ನು ತರಲಾಗದು. ಅದು ಒಳಗೇ ಮಾಗಬೇಕು. ಒಂದು ವಿಸ್ತರಣೆ ಮುಗಿದು ಹೊಸಬರು ಪಳಗಿದ ಮೇಲೆ, ಹಿರಿಯರ ಕೈ ಬಿಡುವಾಗುತ್ತದೆ. ಆ ಬಿಡುವೇ ಮುಂದಿನ ವಿಸ್ತರಣೆಗೆ ಬಂಡವಾಳ. ಆದ್ದರಿಂದ ಕಂಪೆನಿ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಗಡಿಯಿರಲಾರದು; ಎಷ್ಟು ಬೇಗ ದೊಡ್ಡದಾಗಬಹುದೆಂಬುದಕ್ಕೆ ಗಡಿಯುಂಟು.

ಇನ್ನೊಂದು ಅಪಾಯವೆಂದರೆ, ಕೈಯಲ್ಲಿರುವುದು ಕಂಡರೂ ಅದರ ಮೇಲೆ ಬಾಳನ್ನು ಕಟ್ಟುವ ಮನಸ್ಸು ಬಾರದಿರುವುದು. ಅಮೆರಿಕದ ಕೊಡಾಕ್ ಕಂಪೆನಿಯ ಹೆಸರನ್ನು ಛಾಯಾಚಿತ್ರ ತೆಗೆಸಿಕೊಂಡವರೆಲ್ಲ ಬಲ್ಲರು. ಫಿಲ್ಮು ಇಲ್ಲದೆ ಚಿತ್ರ ಹಿಡಿಯುವ ಡಿಜಿಟಲ್ ಕ್ಯಾಮರಾವನ್ನು 1975ರಲ್ಲಿ ಅದೇ ಕಂಪೆನಿಯ ಸ್ಟೀವನ್ ಸ್ಯಾಸನ್ ಎಂಬ ಇಂಜಿನಿಯರು ರಚಿಸಿ ತೋರಿಸಿದರು. ಆದರೆ ಫಿಲ್ಮಿನ ಲಾಭ ತುಂಬಿ ಬರುತ್ತಿದ್ದ ಕಾಲ. ಆ ಹಾದಿಯಲ್ಲಿ ಮನಸ್ಸಿಟ್ಟು ನಡೆಯುವುದು ತಡವಾಯಿತು. 2012ರಲ್ಲಿ ಕಂಪೆನಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಅದೇ ಕಷ್ಟ ಜಪಾನಿನ ಫ್ಯೂಜಿಫಿಲ್ಮ್ ಕಂಪೆನಿಗೂ ಬಂದಿತ್ತು. ಅವರು ತಮ್ಮ ಉಗ್ರಾಣವನ್ನೂ ಪ್ರಯೋಗಶಾಲೆಯನ್ನೂ ಹೊಸ ಕಣ್ಣಿನಿಂದ ನೋಡಿದರು. ಫಿಲ್ಮಿನಲ್ಲಿ ಬಳಸುವ ಜೆಲಟಿನ್ ಹುಟ್ಟುವುದು ಕೊಲಾಜೆನ್ನಿನಿಂದ; ನಮ್ಮ ಚರ್ಮದಲ್ಲಿರುವುದೂ ಅದೇ. ಚಿತ್ರದ ಬಣ್ಣ ಮಾಸದಂತೆ ತಡೆಯುವ ವಿದ್ಯೆ, ಚರ್ಮ ಮಾಸದಂತೆ ಕಾಪಾಡುವ ವಿದ್ಯೆಗೆ ಹತ್ತಿರದ ನೆಂಟ. ಮುಂದೆ ಅವರ ಚರ್ಮದ ಲೇಪನಗಳು ಮಾರಾಟಕ್ಕೆ ಬಂದವು. ತೆಳುವಾದ ಹಾಳೆ ತಯಾರಿಸುವ ಅವರ ಕೌಶಲ ಟೆಲಿವಿಷನ್ ಪರದೆಗಳಿಗೆ ಬೇಕಾದ ಹಾಳೆಗೆ ಉಪಯೋಗವಾಯಿತು. ಅವರೂ ಹೊರಗಿನ ಕಂಪೆನಿಗಳನ್ನು ಕೊಂಡರೆಂಬುದು ನಿಜ. ಆದರೆ ಏನನ್ನು ಕೊಳ್ಳಬೇಕೆಂಬ ಅರಿವು ಒಳಗಿನ ವಿದ್ಯೆಯಿಂದ ಬಂದದ್ದು.

ಹಾಗಾದರೆ ಸಾಲವೂ ಹೊಸ ಷೇರೂ ಬೇಡವೆ? ಹಾಗೆ ಹೇಳಲಾಗದು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ರೈಲುಮಾರ್ಗಗಳಂಥ ಕೆಲಸಕ್ಕೆ ಮೊದಲ ದಿನವೇ ಅಪಾರ ಹಣ ಬೇಕು. ಉಳಿಕೆಗಾಗಿ ಕಾಯುತ್ತ ಕುಳಿತರೆ ಒಂದು ತಲೆಮಾರು ಕಳೆದೀತು. ಪೇಟೆ ಓಡುತ್ತಿರುವಾಗ ನಿಧಾನವಾಗಿ ನಡೆದವನು ಹಿಂದೆ ಬೀಳುವುದೂ ಉಂಟು. ಆದರೆ ತನ್ನಲ್ಲಿ ಇರುವುದೇನೆಂದು ಅರಿತವನ ಕೈಯಲ್ಲಿ ಸಾಲ ಕೆಲಸ ಮಾಡುತ್ತದೆ. ಅರಿಯದವನ ಕೈಯಲ್ಲಿ ಅದು ಬಡ್ಡಿಯನ್ನು ಮಾತ್ರ ಬೆಳೆಸುತ್ತದೆ.

ಈ ವಿಚಾರ ನಿಮ್ಮ ಮನೆಯ ಬಾಗಿಲಿಗೂ ಬರುವಂಥದು. ನೀವು ನಾಲ್ಕಾರು ಷೇರುಗಳನ್ನು ಇಟ್ಟುಕೊಂಡಿರಬಹುದು. ಮನೆಯ ಮಗಳೋ ಮಗನೋ ಒಂದು ಕಂಪೆನಿಯಲ್ಲಿ ಕೆಲಸದಲ್ಲಿರಬಹುದು. ಈ ವರ್ಷ ಲಾಭಾಂಶ ಕಡಿಮೆ ಎಂಬ ಕಾಗದ ಬಂದಾಗ ಬೇಸರವಾಗುವುದು ಸಹಜ. ಆಗ ವಾರ್ಷಿಕ ವರದಿಯನ್ನು ಬದಿಗಿಡದೆ ಮೂರು ಸಂಗತಿಗಳನ್ನು ಹುಡುಕಿ. ಉಳಿಸಿಕೊಂಡ ಹಣ ಯಾವ ಕೆಲಸಕ್ಕೆ ಹೋಯಿತು? ಆ ಕೆಲಸ ಕಂಪೆನಿ ಆಗಲೇ ಬಲ್ಲ ವಿದ್ಯೆಗೆ ಹತ್ತಿರದ್ದೇ, ಅಥವಾ ನಿರ್ದೇಶಕರ ಹಂಬಲಕ್ಕೆ ಕಟ್ಟಿದ ಗೋಪುರವೇ? ಹಿಂದೆ ಹೀಗೆ ಉಳಿಸಿದ ಒಂದು ರೂಪಾಯಿ, ನೀವು ಅದನ್ನೇ ಬ್ಯಾಂಕಿನಲ್ಲಿಟ್ಟಿದ್ದರೆ ಬರುತ್ತಿದ್ದುದಕ್ಕಿಂತ ಹೆಚ್ಚು ದುಡಿದಿದೆಯೇ? ಮೊದಲು ನೆನಪಿನಲ್ಲಿಡಲು ಹೇಳಿದ ಷರತ್ತು ಇದೇ. ಮೂರಕ್ಕೂ ಒಪ್ಪುವ ಉತ್ತರ ಸಿಕ್ಕರೆ, ಕಡಿಮೆ ಬಂದ ಲಾಭಾಂಶ ನಷ್ಟವಲ್ಲ. ನಿಮ್ಮ ಪಾಲಿನ ಬಿತ್ತನೆಯ ಬೀಜ. ಸಿಗದಿದ್ದರೆ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಒಂದು ಷೇರಿನ ಒಡೆಯರಿಗೂ ಉಂಟು.